ಲ್ಯಾಮಿನೇಷನ್ ಮಾಡಿಸಿದ ಬಿರುದು

‘ಗೊತ್ತಿಲ್ಲ’ ಎಂಬುದರಲ್ಲಿ ಇರುವುದು ಮೂರೇ ಅಕ್ಷರ. ಆ ಮೂರಕ್ಷರವನ್ನು ಬಾಯಿಂದ ಹೊರಡಿಸುವುದಕ್ಕೆ ನನಗೆ ನಲವತ್ತೆಂಟು ವರ್ಷ ಹಿಡಿಯಿತು. ಕೆಲವರಿಗೆ ಹಾಗಲಕಾಯಿ ಒಗ್ಗುವುದಿಲ್ಲ, ಕೆಲವರಿಗೆ ಬಸ್ಸಿನ ಹಿಂದಿನ ಸೀಟು ಒಗ್ಗುವುದಿಲ್ಲ. ನನಗೆ ಈ ಮಾತು ಒಗ್ಗುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೆ, ನನಗೆ ತಿಳಿಯದ ದಾರಿಯಾದರೂ ಕೈಯೆತ್ತಿ ಒಂದು ದಿಕ್ಕು ತೋರಿಸಿ ಕಳಿಸಿದ್ದೇನೆ. ಹಾಗೆ ನಾನು ಕಳಿಸಿದವರಲ್ಲಿ ಕೆಲವರು ಹೆಬ್ಬಾಳದ ಫ್ಲೈಓವರಿನ ಕೆಳಗೆ ಇನ್ನೂ ಸುತ್ತುತ್ತಿರಬಹುದು. ಅವರ ಪೈಕಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು.

ಈ ಕಾಯಿಲೆ ನನಗೆ ಅಂಟಿದ್ದು ಏಳನೇ ಕ್ಲಾಸಿನಲ್ಲಿ. ಹೆಸರಘಟ್ಟದ ಕಡೆಯ ನಮ್ಮ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲು ಬರೆದು, ನನ್ನ ಕಡೆ ತಿರುಗಿ, ‘ಅರ್ಥ ಆಯ್ತೇನೋ?’ ಎಂದರು. ‘ಆಯ್ತು ಸಾ’ ಎಂದೆ. ‘ಹಂಗಾದ್ರೆ ಎದ್ ನಿಂತ್ಕಂಡು ಹೇಳು.’ ಎದ್ದು ನಿಂತೆ. ಹೇಳುವುದಕ್ಕೆ ಏನೂ ಇರಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತಾ ನಿಂತೆ. ಅರ್ಥ ಅವರ ಮುಖದ ಮೇಲೆ ಎಲ್ಲಾದರೂ ಕಾಣಿಸೀತೇನೋ ಎಂದು ಹುಡುಕುತ್ತಿದ್ದೆ, ಅಷ್ಟೆ. ಅವರು ಮಾತ್ರ ‘ಏನೋ, ನನ್ನನ್ನೇ ಗುರಾಯಿಸ್ತೀಯಾ?’ ಎಂದು ಕೆನ್ನೆಗೆ ಒಂದು ಬಿಟ್ಟರು. ಆ ವರ್ಷ ಪರೀಕ್ಷೆ ಮುಗಿಸಿದ ಮೇಲೆ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಕೇಳಿದ್ದಕ್ಕೆ ‘ಕಲಿಯೋದೆಲ್ಲಾ ಕಲ್ತಾಯ್ತು’ ಎಂದುಬಿಟ್ಟೆ. ಅಪ್ಪನಿಗೂ ಅದು ಒಪ್ಪಿಗೆಯಾಯಿತು. ಅವನೂ ಗೊತ್ತಿಲ್ಲ ಎನ್ನದ ಮನುಷ್ಯನೇ.

ಆದರೆ ಕೆಲಸ ಕಲಿತೆ. ಯಶವಂತಪುರದ ಮೋಟಾರ್ ವೈಂಡಿಂಗ್ ಅಂಗಡಿಯೊಂದರಲ್ಲಿ ತಾಮ್ರದ ತಂತಿ ಸುತ್ತುತ್ತಾ ಸುತ್ತುತ್ತಾ ಮೋಟಾರಿನ ಹೊಟ್ಟೆಯೊಳಗಿನ ಸಂಗತಿ ತಿಳಿಯಿತು. ಅಲ್ಲಿಂದ ಪೈಪು, ಅಲ್ಲಿಂದ ವೈರಿಂಗು. ಕಡೆಗೆ ಸಹಕಾರನಗರದ ಹತ್ತಿರ ನಲವತ್ತೆಂಟು ಮನೆಗಳ ಒಂದು ಅಪಾರ್ಟ್‌ಮೆಂಟಿಗೆ ಮೇಂಟೆನೆನ್ಸ್ ಕೆಲಸಕ್ಕೆ ಸೇರಿಕೊಂಡೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಹದಿನಾಲ್ಕು ವರ್ಷದಲ್ಲಿ ಅಲ್ಲಿ ಒಂದು ಪಂಪೂ ಸುಟ್ಟಿಲ್ಲ. ಸಂಪಿನಲ್ಲಿ ನೀರು ಎಷ್ಟಿದೆ ಎಂಬುದನ್ನು ಮುಚ್ಚಳ ತೆಗೆಯದೆ, ಪಂಪಿನ ಸದ್ದು ಕೇಳಿಯೇ ಹೇಳಬಲ್ಲೆ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಅಂಗೈ ಇಟ್ಟು ಹೇಳಬಲ್ಲೆ. ಯಾರು ಕರೆದರೂ, ಕೈಯಲ್ಲಿ ಅನ್ನದ ತುತ್ತು ಇದ್ದರೂ ಇಟ್ಟು ಹೋಗುತ್ತೇನೆ.

ಇಂಗ್ಲಿಷನ್ನೂ ನಾನು ಪೈಪಿನ ಹಾಗೆಯೇ ಓದುತ್ತೇನೆ. ಅಕ್ಷರಗಳು ಗೊತ್ತು, ಕೂಡಿಸಿ ಓದುವ ತಾಳ್ಮೆ ಇಲ್ಲ. ಚಿಕ್ಕ ಪದ ಆದರೆ ಸರಿ. ಉದ್ದದ್ದು ಬಂದರೆ ಆ ತುದಿ ಈ ತುದಿ ನೋಡಿ, ನಡುವೆ ಸುಮಾರಾಗಿ ಇಂಥದ್ದೇ ಇರಬೇಕು ಎಂದು ತೀರ್ಮಾನಿಸಿಬಿಡುತ್ತೇನೆ. ಗೇಟಿನಲ್ಲಿ ಒಂದು ಕಂಪ್ಲೇಂಟ್ ಬುಕ್ಕು ಇದೆ. ಮನೆಯವರು ಬಂದು ಫ್ಲಾಟ್ ನಂಬರ್ ಬರೆದು, ಆಗಿರುವ ತೊಂದರೆ ಬರೆದು, ಕೊನೆಗೆ ತಪ್ಪದೆ ‘ಇಮ್ಮಿಡಿಯೇಟ್’ ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ನಲ್ಲಿ ತೊಟ್ಟಿಕ್ಕಿದರೂ ಇಮ್ಮಿಡಿಯೇಟ್, ಟ್ಯೂಬ್‌ಲೈಟ್ ಮಿಣುಕಿದರೂ ಇಮ್ಮಿಡಿಯೇಟ್. ಹದಿನಾಲ್ಕು ವರ್ಷ ದಿನಾ ನೋಡಿ ನೋಡಿ, ಇಂಗ್ಲಿಷಿನ ಉದ್ದನೆಯ ಪದಗಳಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಐ ಇಂದ ಶುರುವಾಗಿ, ನಡುವೆ ಎಮ್ಮು ಡಿಯು ಇದ್ದು, ಕೊನೆಯ ಕಡೆ ಟಿ ಬಂತೆಂದರೆ, ಅದು ಇಮ್ಮಿಡಿಯೇಟ್.

ಮುನ್ನೂರ ಎರಡನೇ ಫ್ಲಾಟಿಗೆ ಸ್ನೇಹಾ ಮೇಡಂ ಎಂಬುವರು ಬಂದರು. ಉತ್ತರ ಭಾರತದ ಕಡೆಯವರು, ಮನೆಯಲ್ಲಿ ಅವರು ಮತ್ತು ಆರು ವರ್ಷದ ಮಗಳು, ಇಬ್ಬರೇ. ಬಂದ ವಾರಕ್ಕೇ ಅಡುಗೆಮನೆಯ ಸಿಂಕಿನ ಕೆಳಗೆ ನೀರು. ಬುಕ್ಕಿನಲ್ಲಿ ಇಮ್ಮಿಡಿಯೇಟ್ ನೋಡಿದೆ, ಎರಡು ಅಡಿ ಉದ್ದದ ಪೈಪ್ ರೆಂಚನ್ನು ಹೆಗಲ ಮೇಲೆ ಇಟ್ಟುಕೊಂಡು ಹೋಗಿ ಬೆಲ್ ಒತ್ತಿದೆ. ಅವರು ಬಾಗಿಲು ತೆರೆದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬಹಳ ವೇಗ. ಒಂದು ಪದವೂ ಕೈಗೆ ಸಿಗಲಿಲ್ಲ. ಗೊತ್ತಾಗಲಿಲ್ಲ ಎನ್ನುವ ಅಭ್ಯಾಸವಂತೂ ನನಗಿಲ್ಲವಲ್ಲ. ಸುಮ್ಮನೆ ನಿಂತು ಅವರ ಮುಖ ನೋಡಿದೆ. ಅವರು ಮತ್ತೆ ಹೇಳಿದರು. ನಾನು ಮತ್ತೆ ನೋಡಿದೆ. ಎದುರಿನವರು ಮಾತಾಡುವಾಗ ನೆಲ ನೋಡುವವನು ಕಳ್ಳ, ನೆಟ್ಟಗೆ ನೋಡಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. ನೆಟ್ಟಗೆ ನೋಡಿದೆ. ಮೂರನೇ ಸಲಕ್ಕೆ ಅವರು ಬಾಗಿಲು ಮುಚ್ಚಿಕೊಂಡರು. ಬೇಡವಂತೆ ಎಂದುಕೊಂಡು ಇಳಿದು ಬಂದೆ. ಮಾರನೆಯ ದಿನ ಬುಕ್ಕಿನಲ್ಲಿ ಮತ್ತೆ ಅದೇ ಫ್ಲಾಟು. ಮತ್ತೆ ಹೋದೆ, ಮತ್ತೆ ನಿಂತೆ. ಈ ಸಲ ಒಳಗೆ ಬಿಟ್ಟರು. ಕೆಲಸ ಮಾಡಿ ಮುಗಿಸುವವರೆಗೂ ಮಗುವನ್ನು ಎತ್ತಿಕೊಂಡು, ತೆರೆದ ಮುಂಬಾಗಿಲಿನ ಹತ್ತಿರವೇ ನಿಂತಿದ್ದರು. ಎಷ್ಟು ಮರ್ಯಾದಸ್ಥರು, ಕೆಲಸದವನು ಒಳಗಿದ್ದಾನೆಂದು ತಾವು ಕೂರದೆ ನಿಂತಿದ್ದಾರಲ್ಲ ಎಂದು ನನಗೆ ಸಂತೋಷವಾಯಿತು.

ಇದಾಗಿ ಕೆಲವು ದಿನಕ್ಕೆ ಅಸೋಸಿಯೇಷನ್ನಿನ ಸೆಕ್ರೆಟರಿ ರಾಯರು ನನ್ನ ಹೆಸರಿಗೆ ಒಂದು ಕವರು ಬಿಟ್ಟುಹೋಗಿದ್ದರು. ರಾಯರು ದಿನಾ ಪಂಪ್ ರೂಮಿನ ಮುಂದೆಯೇ ವಾಕಿಂಗ್ ಹೋಗುವವರು. ಆದರೂ ಕವರನ್ನು ನನ್ನ ಕೈಗೆ ಕೊಡದೆ ಗೇಟಿನ ಸೆಕ್ಯುರಿಟಿ ಮುನಿರಾಜುವಿನ ಕೈಯಲ್ಲಿ ಕೊಟ್ಟಿದ್ದರು. ತೆರೆದೆ. ಕಂಪ್ಯೂಟರಿನಲ್ಲಿ ಟೈಪು ಮಾಡಿದ ಅರ್ಧ ಪುಟ, ಕೆಳಗೆ ಸಹಿ, ಗುಂಡನೆಯ ಸೀಲು. ಮೊದಲ ಸಾಲಿನಲ್ಲಿ ‘ಮಿಸ್ಟರ್ ಹನುಮಂತರಾಯಪ್ಪ’. ಹದಿನಾಲ್ಕು ವರ್ಷದಲ್ಲಿ ಆ ಕಟ್ಟಡದಲ್ಲಿ ನನ್ನನ್ನು ಮಿಸ್ಟರ್ ಎಂದದ್ದು ಅದೇ ಮೊದಲು. ಎರಡನೇ ಸಾಲಿನಲ್ಲಿ ವರ್ಕ್ ಎಂದಿತ್ತು, ಗುಡ್ ಎಂದಿತ್ತು. ಮೂರನೆಯದರಲ್ಲಿ, ನನ್ನ ಹಳೆಯ ಸ್ನೇಹಿತ. ಐ, ನಡುವೆ ಎಮ್ಮು, ಡಿ, ಕೊನೆಯ ಕಡೆ ಟಿ. ಬಾಲ ಸ್ವಲ್ಪ ಉದ್ದವಾಗಿದೆ ಅನ್ನಿಸಿತು. ಸರ್ಕಾರಿ ಥರದ ಕಾಗದದಲ್ಲಿ ಪದಗಳು ಹಾಗೇ ಉದ್ದವಾಗುತ್ತವೆ ಎಂದುಕೊಂಡೆ. ಕೊನೆಯ ಸಾಲಿನಲ್ಲಿ ಹದಿನೈದು ಎಂದಿತ್ತು. ಅದು ನನ್ನ ಸೇವೆಯ ವರ್ಷ, ಒಂದು ಹೆಚ್ಚಾಗಿ ಬರೆದಿದ್ದಾರೆ, ಇರಲಿ, ದೊಡ್ಡ ಮನಸ್ಸು. ಒಟ್ಟಿನಲ್ಲಿ ಸಂಗತಿ ಇಷ್ಟು: ಹನುಮಂತರಾಯಪ್ಪನವರ ಕೆಲಸ ಚೆನ್ನಾಗಿದೆ, ಇಮ್ಮಿಡಿಯೇಟಾಗಿ ಬರುತ್ತಾರೆ.

ಸುಳ್ಳು ಹೇಳುವುದಿಲ್ಲ, ಕಣ್ಣು ಒದ್ದೆಯಾಯಿತು. ಅದೇ ಸಂಜೆ ಕೊಡಿಗೇಹಳ್ಳಿಯ ಝೆರಾಕ್ಸ್ ಅಂಗಡಿಗೆ ಹೋಗಿ ‘ಲ್ಯಾಮಿನೇಷನ್ ಮಾಡ್ಕೊಡು’ ಎಂದೆ. ಅಂಗಡಿಯವನು ಕಾಗದ ಓದಿದ. ನನ್ನ ಮುಖ ನೋಡಿದ. ಮತ್ತೆ ಕಾಗದ ಓದಿದ.

‘ಅಣ್ಣಾ, ಇದನ್ನ ಲ್ಯಾಮಿನೇಷನ್ ಮಾಡ್ಬೇಕಾ? ಗ್ಯಾರಂಟಿನಾ?’

ಸುಮ್ಮನೆ ನೋಡಿದೆ.

‘ಮಾಡ್ತೀನಿ, ಮಾಡ್ತೀನಿ, ಅದಕ್ಕೇನಂತೆ’ ಎಂದು ಮಷೀನು ಬಿಸಿ ಮಾಡಿದ.

ಪಂಪ್ ರೂಮಿನಲ್ಲಿ ಸ್ವಿಚ್‌ಬೋರ್ಡಿನ ಮೇಲೆ, ಆಂಜನೇಯನ ಫೋಟೋದ ಪಕ್ಕ, ಅದನ್ನು ಮೊಳೆ ಹೊಡೆದು ನೇತುಹಾಕಿದೆ. ಬಂದವರೆಲ್ಲ ಓದಿದರು. ಓದಿ ಯಾರೂ ಏನೂ ಹೇಳಲಿಲ್ಲ ಎಂಬುದನ್ನು ಆಗಲೇ ನಾನು ಗಮನಿಸಬೇಕಿತ್ತು. ನೂರ ಒಂದರ ಹಿರಿಯರು ಕನ್ನಡಕ ಏರಿಸಿ ಓದಿ, ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು, ಬಂದ ಕೆಲಸ ಹೇಳದೆಯೇ ಹೊರಟುಹೋದರು. ಮುನಿರಾಜು ಬಂದು ನೋಡಿ, ‘ಸೂಪರ್ ಅಣ್ಣಾ’ ಎಂದು ಗೇಟಿನ ಕಡೆ ಓಡಿದ. ಹೊಟ್ಟೆಕಿಚ್ಚು ಎಂದುಕೊಂಡೆ. ಒಬ್ಬನಿಗೆ ಮರ್ಯಾದೆ ಸಿಕ್ಕಿದರೆ ಜನಕ್ಕೆ ಹಾಗೇ.

ಆಯುಧಪೂಜೆ ಬಂತು. ಪ್ರತಿವರ್ಷದಂತೆ ಹೆಂಡತಿ ಜಯಮ್ಮ, ಮಗಳು ಪವಿತ್ರ, ಹೂವು ಬೂದುಗುಂಬಳಕಾಯಿ ತೆಗೆದುಕೊಂಡು ಪಂಪ್ ರೂಮಿಗೆ ಬಂದರು. ಪವಿತ್ರ ಬಿ.ಕಾಂ. ಓದುತ್ತಿದ್ದಾಳೆ, ಇಂಗ್ಲಿಷನ್ನು ನೀರು ಕುಡಿದ ಹಾಗೆ ಓದುತ್ತಾಳೆ. ‘ಜೋರಾಗಿ ಓದಮ್ಮಾ, ನಿಮ್ಮಮ್ಮನೂ ಕೇಳ್ಲಿ’ ಎಂದೆ. ಅವಳು ಓದಿದಳು, ಮನಸ್ಸಿನಲ್ಲೇ. ಬಹಳ ಹೊತ್ತು ಓದಿದಳು.

‘ವರ್ಕ್ ಈಸ್ ಗುಡ್ ಅಂತ ಇದೆ ಅಪ್ಪಾ.’

‘ಆಮೇಲೆ?’

‘ಆಮೇಲೆ... ಅದೇ.’

‘ಇಮ್ಮಿಡಿಯೇಟು?’

ಅವಳು ತಾಯಿಯ ಮುಖ ನೋಡಿದಳು. ‘ಹೂಂ ಅಪ್ಪಾ’ ಎಂದಳು. ಜಯಮ್ಮ ಬಿರುದಿನ ನಾಲ್ಕು ಮೂಲೆಗೂ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದಳು. ಪಂಪಿಗೆ, ರೆಂಚಿಗೆ, ಸುತ್ತಿಗೆಗೆ ಪೂಜೆಯಾಯಿತು. ಅವರಿಬ್ಬರೂ ಅಡುಗೆ ಇದೆ ಎಂದು ಮನೆಗೆ ಹೊರಟರು. ಹಾದಿಯುದ್ದಕ್ಕೂ ತಾಯಿ ಮಗಳು ಏನೋ ಪಿಸುಗುಟ್ಟುತ್ತಾ ಹೋಗುವುದು ಕಾಣಿಸಿತು. ಹೆಮ್ಮೆ, ಎಂದುಕೊಂಡೆ.

ನಾನು ಕುಂಬಳಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ ದೃಷ್ಟಿ ತೆಗೆದು, ಬಾಗಿಲಲ್ಲಿ ಒಡೆದೆ. ನೆಲವೆಲ್ಲ ಕೆಂಪು, ನನ್ನ ಎರಡು ಕೈಯೂ ಮೊಣಕೈವರೆಗೆ ಕೆಂಪು. ಅಷ್ಟರಲ್ಲಿ ಮಗುವಿನ ಕೈ ಹಿಡಿದು ಸ್ನೇಹಾ ಮೇಡಂ ಬಂದರು. ಪೂಜೆಗೆಂದು ಪಂಪು ನಿಲ್ಲಿಸಿದ್ದರಿಂದ ಮೇಲೆ ನೀರು ಬರುತ್ತಿರಲಿಲ್ಲ. ಅವರು ಊರಿಗೆ ಹೊಸಬರು, ನಮ್ಮ ಕುಂಬಳಕಾಯಿ ಒಡೆಯುವ ಪದ್ಧತಿ ಎಲ್ಲಿ ಗೊತ್ತಿರಬೇಕು? ಮಗು ನೆಲ ನೋಡಿ ‘ಖೂನ್’ ಎಂದಿತು. ಅವರ ಮನೆಯವರ ಬಾಯಿಂದ ನನಗೆ ಅರ್ಥವಾದ ಮೊದಲ ಪದ ಅದು. ಆ ಸಂತೋಷಕ್ಕೆ ನಕ್ಕೆ. ಮೇಡಂ ಏನೋ ಹೇಳಿದರು, ಅದು ಅರ್ಥವಾಗಲಿಲ್ಲ. ಆದರೆ ಈ ಸಲ ಸುಮ್ಮನೆ ನಿಲ್ಲುವ ಅಗತ್ಯ ನನಗಿರಲಿಲ್ಲ. ಈಗ ನನ್ನ ಪರವಾಗಿ ಮಾತಾಡಲು ಒಂದು ಕಾಗದವಿತ್ತು. ಕುಂಕುಮ ಮೆತ್ತಿದ ರೆಂಚನ್ನು ಎತ್ತಿ, ಹಾರ ಹಾಕಿದ ಬಿರುದಿನ ಮೇಲೆ ಟಕಟಕ ಕುಟ್ಟಿ, ‘ರೀಡ್ ಮೇಡಂ, ರೀಡ್’ ಎಂದೆ.

ಅವರು ಓದಿದರು. ‘ಓಕೆ, ಓಕೆ’ ಎನ್ನುತ್ತಾ ಹಿಂದಕ್ಕೆ ಹೆಜ್ಜೆ ಇಟ್ಟರು. ‘ಮೇಡಂ, ಪ್ರಸಾದ!’ ಎಂದು ಕೂಗಿಕೊಂಡು ತೆಂಗಿನಕಾಯಿ ಚೂರು ಹಿಡಿದು ಹಿಂದೆಯೇ ಹೋದೆ. ಲಿಫ್ಟು ಕೆಳಗೇ ನಿಂತಿತ್ತು, ಆದರೂ ಮಗುವನ್ನು ಎತ್ತಿಕೊಂಡು ಮೂರು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತಿಬಿಟ್ಟರು. ವ್ಯಾಯಾಮ ಒಳ್ಳೆಯದೇ.

ಎರಡು ದಿನ ಬಿಟ್ಟು ಮುನಿರಾಜು, ‘ಅಣ್ಣಾ, ಭಾನುವಾರ ಹನ್ನೊಂದು ಗಂಟೆಗೆ ಮೀಟಿಂಗಂತೆ, ನಿಮ್ಮ ವಿಷ್ಯಾನೇ ಅಂತೆ’ ಎಂದ. ‘ನನ್ನ ವಿಷಯ ಏನಂತೆ?’ ಎಂದೆ. ‘ನಂಗೊತ್ತಿಲ್ಲ ಅಣ್ಣಾ’ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟ. ನನಗೆ ಗೊತ್ತಿತ್ತು. ಕಾಗದ ಕೊಟ್ಟಾಯಿತು, ಇನ್ನು ಶಾಲು. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ಬಿಳಿ ಶರ್ಟ್ ಇಸ್ತ್ರಿ ಮಾಡ್ಸಿದ್ಯಾ? ನೀವಿಬ್ರೂ ರೆಡಿಯಾಗಿ, ಶಾಲು ಹಾಕೋವಾಗ ಮನೆಯವರು ಇರ್ಬೇಕು’ ಎಂದೆ. ಜಯಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ‘ಹೇಳ್ಬಿಡೇ, ಇನ್ನು ನಂಗಾಗಲ್ಲ’ ಎಂದದ್ದು ಕೇಳಿಸಿತು. ಪವಿತ್ರ ಅಡುಗೆಮನೆಯ ಬಾಗಿಲಿಗೆ ಬಂದಳು. ಹೊರಗೆ ಬರಲಿಲ್ಲ, ಬಾಗಿಲನ್ನು ಹಿಡಿದುಕೊಂಡೇ ನಿಂತಳು.

‘ಅಪ್ಪಾ, ಅದು ಇಮ್ಮಿಡಿಯೇಟ್ ಅಲ್ಲ.’

‘ಮತ್ತೇನು?’

‘ಇಂಟಿಮಿಡೇಟಿಂಗ್.’

‘ಹಂಗಂದ್ರೆ?’

ಅವಳು ಮೊಬೈಲಿನಲ್ಲಿ ಒತ್ತಿ, ಓದಿದಳು: ‘ಹೆದರಿಸುವಂಥ. ಬೆದರಿಕೆ ಹುಟ್ಟಿಸುವಂಥ.’ ಆಮೇಲೆ ಉಳಿದದ್ದನ್ನೂ ಹೇಳಿದಳು. ನಿಮ್ಮ ಕೆಲಸ ಚೆನ್ನಾಗಿದ್ದರೂ ನಿಮ್ಮ ನಡವಳಿಕೆ ನಿವಾಸಿಗಳಲ್ಲಿ ಭಯ ಹುಟ್ಟಿಸುತ್ತಿದೆ, ಹದಿನೈದು ದಿನದೊಳಗೆ ಉತ್ತರ ಕೊಡದಿದ್ದರೆ ಬೇರೆ ಏಜೆನ್ಸಿಗೆ ಕೆಲಸ ವಹಿಸಲಾಗುತ್ತದೆ. ಹದಿನೈದು ದಿನ ಹಿಂದಿನ ದಿನಕ್ಕೇ ಮುಗಿದಿತ್ತು.

‘ನಾನು ಯಾರಿಗೆ ಧಮಕಿ ಹಾಕಿದೀನಿ? ಯಾರ ಮೇಲೆ ಕೈ ಎತ್ತಿದೀನಿ?’

‘ಹಾಕ್ಬೇಕು ಅಂತೇನಿಲ್ಲ ಅಪ್ಪಾ. ಸುಮ್ನೆ ನಿಂತಿದ್ರೂ ಆಗತ್ತೆ.’

ಈ ಮಾತು ನನ್ನ ತಲೆಗೆ ಇಳಿಯುವುದಕ್ಕೆ ಸಮಯ ಬೇಕಾಯಿತು. ಹೆದರಿಸುವ ವಿಷಯದಲ್ಲಿ ನಮ್ಮ ಭಾಷೆ ಬಡವಾದದ್ದೇನೂ ಅಲ್ಲ. ಕಣ್ಣಿನಿಂದ ಆದರೆ ಗುರಾಯಿಸುವುದು, ಗಂಟಲಿನಿಂದ ಆದರೆ ಗದರುವುದು, ಸಂತೆಯಲ್ಲಿ ಹತ್ತು ಜನರ ಮುಂದೆ ಆದರೆ ಆವಾಜ್ ಹಾಕುವುದು, ಕಚೇರಿಯ ಕುರ್ಚಿಯ ಮೇಲೆ ಕೂತು ಆದರೆ ರೋಪ್ ಹಾಕುವುದು, ದನವಾದರೆ ಗುಟುರು, ನಾಯಿಯಾದರೆ ಗುರ್. ಆದರೆ ಇವೆಲ್ಲ ಮಾಡುವ ಕೆಲಸಗಳು. ಮಾಡಿದವನಿಗೆ ತಾನು ಮಾಡಿದೆ ಎಂದು ಗೊತ್ತಿರುತ್ತದೆ. ಈ ಇಂಗ್ಲಿಷ್ ಪದದ ವಿಚಿತ್ರ ಏನೆಂದರೆ, ಇದನ್ನು ಮಾಡುವುದಕ್ಕೆ ಏನೂ ಮಾಡಬೇಕಾಗಿಲ್ಲ. ಅದು ನಡೆಯುವುದು ಎದುರಿಗಿರುವವರ ಎದೆಯಲ್ಲಿ. ಇಲ್ಲಿ ನಾನು ತೆಪ್ಪಗೆ ನಿಂತಿದ್ದೇನೆ, ಅಲ್ಲಿ ಅದು ನಡೆದುಹೋಗಿದೆ.

ನಮ್ಮ ಅಪ್ಪನ ಹತ್ತಿರ ಒಂದು ಕಪ್ಪು ಎತ್ತು ಇತ್ತು. ಅದು ಹಾದಿಯಲ್ಲಿ ನಿಂತರೆ ಜನ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಯಾರಾದರೂ ಬಂದರೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಕೊಂಬು ಮುಂದೆ ಮಾಡಿ, ನಿಂತಲ್ಲೇ ನೋಡುತ್ತಿತ್ತು. ‘ಅದು ಆಯಲ್ಲ, ಗುಮ್ಮಲ್ಲ ಕಣ್ರಪ್ಪಾ, ಅದ್ಕೆ ಒಂದ್ ಕಣ್ಣು ಮಂದ. ಅದ್ಕೇ ಇಂಗೆ ತಲೆ ಓರೆ ಮಾಡ್ಕಂಡು ನೋಡ್ತೈತೆ’ ಎಂದು ಅಪ್ಪ ಊರಿಗೆಲ್ಲ ಹೇಳಿದ. ಯಾರು ನಂಬುತ್ತಾರೆ? ಒಂದು ಹೆಂಗಸು ಅದನ್ನು ಕಂಡು ಹೆದರಿ ಓಡಿ ಬಿದ್ದು ಕೈ ಮುರಿದುಕೊಂಡಳು. ಎತ್ತು ನಿಂತ ಜಾಗದಿಂದ ಅಲ್ಲಾಡಿರಲಿಲ್ಲ. ಅಪ್ಪ ಅದನ್ನು ಮಾರಬೇಕಾಯಿತು. ಕೊಂಡವನು ಹಗ್ಗ ಹಿಡಿದು ಎಳೆಯುವಾಗಲೂ ಅದು ತಲೆ ಓರೆ ಮಾಡಿ ಅಪ್ಪನನ್ನು ನೋಡಿತು. ಎಷ್ಟೋ ವರ್ಷ ನಾನು ಎತ್ತಿಗೆ ಅನ್ಯಾಯವಾಯಿತು ಎಂದೇ ಕೊರಗಿದ್ದೆ. ಆ ಹೆಂಗಸಿನ ಮುರಿದ ಕೈ ನನಗೆ ನೆನಪಾದದ್ದು ಆ ಭಾನುವಾರವೇ.

ಇಷ್ಟಾದ ಮೇಲೆ ನನಗೆ ಹೊಳೆದದ್ದು ಇನ್ನೊಂದು.

‘ಆಯುಧಪೂಜೆ ದಿನಾನೇ ಓದಿದ್ಯಲ್ಲ. ಆವತ್ತೇ ಯಾಕೆ ಹೇಳ್ಲಿಲ್ಲ?’

ಪವಿತ್ರ ಬಾಗಿಲ ಹಿಂದಕ್ಕೆ ಅರ್ಧ ಸರಿದಳು.

‘ಕೇಳ್ತಿರೋದು ನಿನ್ನೇ. ಯಾಕೆ ಹೇಳ್ಲಿಲ್ಲ?’

‘ಇದೇ...’ ಎಂದಳು. ‘ಹಿಂಗೇ ನೋಡ್ತೀರಲ್ಲ, ಅದಕ್ಕೇ.’

ಝೆರಾಕ್ಸ್ ಅಂಗಡಿಯವನು, ನೂರ ಒಂದರ ಹಿರಿಯರು, ಮುನಿರಾಜು, ನನ್ನ ಹೆಂಡತಿ, ನನ್ನ ಮಗಳು. ಇಡೀ ಕೊಡಿಗೇಹಳ್ಳಿಗೆ ಗೊತ್ತಿತ್ತು. ಒಬ್ಬರೂ ಹೇಳಿರಲಿಲ್ಲ. ಮೊಬೈಲಿನ ಅರ್ಥಕ್ಕಿಂತ ಆ ಪದವನ್ನು ಚೆನ್ನಾಗಿ ಅರ್ಥಮಾಡಿಸಿದ್ದು ಈ ಪಟ್ಟಿ. ನಾನು ಎದ್ದು, ಇಸ್ತ್ರಿ ಮಾಡಿದ ಬಿಳಿ ಶರ್ಟನ್ನೇ ಹಾಕಿಕೊಂಡು ಹೊರಟೆ. ಶಾಲಿಗೆಂದು ಇಸ್ತ್ರಿ ಮಾಡಿಸಿದ್ದು, ಕೆಲಸ ಕಳೆದುಕೊಳ್ಳಲಿಕ್ಕೂ ಆಗುತ್ತದೆ.

ಮೀಟಿಂಗು ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಮೂವತ್ತು ಜನ ಇದ್ದರು. ಸ್ನೇಹಾ ಮೇಡಂ ಹಿಂದಿನ ಸಾಲಿನಲ್ಲಿ, ಮಗು ತೊಡೆಯ ಮೇಲೆ. ಬಿರುದನ್ನು ಯಾರೋ ಪಂಪ್ ರೂಮಿನಿಂದ ತಂದು, ಬಾಡಿದ ಚೆಂಡುಹೂವಿನ ಸಮೇತ ಮೇಜಿನ ಮೇಲೆ ಇಟ್ಟಿದ್ದರು. ರಾಯರು ಗಂಟಲು ಸರಿಮಾಡಿಕೊಂಡರು.

‘ನೋಡ್ರೀ, ಹದಿನೈದು ದಿನದಲ್ಲಿ ಉತ್ತರ ಕೊಡಿ ಅಂತ ಬರೆದ್ರೆ ನೀವು ಹಾರ ಹಾಕಿ ನೇತುಹಾಕ್ಕೊಂಡಿದೀರಿ. ಆ ಮೇಡಂನ ಕರೆದು, ರೆಂಚ್ ತೋರಿಸಿ, ಓದು ಅಂದಿದೀರಿ. ಇದೇನ್ರೀ, ನಮಗೆಲ್ಲಾ ಸವಾಲಾ?’

ನಾನು ಎಂದಿನಂತೆ ನೆಟ್ಟಗೆ ನಿಂತು ಅವರನ್ನೇ ನೋಡುತ್ತಿದ್ದೆ. ಮುಂದಿನ ಸಾಲಿನ ಒಬ್ಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಆ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಕೇಳಿದಾಗ ನನಗೆ ಕಾಣಿಸಿತು: ಮೂವತ್ತು ಜನ ಓದಿದವರು, ಒಬ್ಬ ಏಳನೇ ಕ್ಲಾಸಿನವನ ಎದುರು, ಹೆದರಿ ಕೂತಿದ್ದಾರೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಅದು ಹಿತವಾಗಿಯೂ ಇತ್ತು. ಹೀಗೇ ಬಾಯಿ ಮುಚ್ಚಿಕೊಂಡು ಇನ್ನು ಐದು ನಿಮಿಷ ನಿಂತರೆ ನನ್ನ ಗೌರವ ಉಳಿಯುತ್ತದೆ, ಕೆಲಸ ಹೋಗುತ್ತದೆ. ಬಾಯಿ ತೆರೆದರೆ ಕೆಲಸ ಉಳಿಯಬಹುದು. ಆ ಮೂರಕ್ಷರ ಮಾತ್ರ ಹೊರಗೆ ಬರಬೇಕು, ಅದೂ ಇವರೆಲ್ಲರ ಮುಂದೆ. ಹಿಂದಿನ ಸಾಲಿನಲ್ಲಿ ಸ್ನೇಹಾ ಮೇಡಂ ಮಗುವನ್ನು ಹಿಡಿದುಕೊಂಡಿದ್ದ ರೀತಿ ನೋಡಿದೆ. ಸಿಂಕ್ ರಿಪೇರಿಯ ದಿನ ತೆರೆದ ಬಾಗಿಲ ಹತ್ತಿರ ನಿಂತಿದ್ದರಲ್ಲ, ಹಾಗೆಯೇ. ಮರ್ಯಾದೆಗೆ ನಿಂತದ್ದಲ್ಲ ಅದು. ಓಡಲು ಅನುಕೂಲವಾಗಲಿ ಎಂದು.

‘ಒಂದು ಕುರ್ಚಿ ಕೊಡ್ತೀರಾ ಸಾರ್?’ ಎಂದೆ.

ಹದಿನಾಲ್ಕು ವರ್ಷದಲ್ಲಿ ಮಾಲೀಕರ ಮುಂದೆ ನಾನು ಕೂತವನಲ್ಲ. ಕೂತೆ. ಕೂತ ಮೇಲೆ ಎಲ್ಲರ ಮುಖವೂ ನನ್ನ ಮುಖದ ಮಟ್ಟಕ್ಕೇ ಬಂತು.

‘ಸಾರ್, ನಂಗೆ ಇಂಗ್ಲಿಷ್ ಗೊತ್ತಿಲ್ಲ’ ಎಂದೆ. ಹೊರಟಿತು. ಹೊರಟದ್ದು ನಿಲ್ಲಲಿಲ್ಲ, ಗೇಟ್ ವಾಲ್ವ್ ಕಿತ್ತುಬಂದ ಹಾಗೆ. ‘ಆ ಮೇಡಂ ಹೇಳಿದ್ದು ಒಂದೂ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅನ್ನಕ್ಕೆ ನಾಚಿಕೆ ಆಗಿ ಸುಮ್ನೆ ನಿಂತ್ಕೊಂಡೆ. ಈ ಕಾಗದದಲ್ಲಿ ಏನಿದೆ ಅಂತಾನೂ ಗೊತ್ತಿರ್ಲಿಲ್ಲ. ಇಮ್ಮಿಡಿಯೇಟ್ ಅಂದ್ಕೊಂಡೆ. ನೀವೆಲ್ಲಾ ಸೇರಿ ನನ್ನ ಹೊಗಳಿದೀರ ಅಂತ ಲ್ಯಾಮಿನೇಷನ್ ಮಾಡಿಸ್ದೆ ಸಾರ್.’

ನಗು ಬಂದವರೂ ನಗಲು ಹೆದರಿದ್ದರು ಎಂದು ಕಾಣುತ್ತದೆ. ಪಕ್ಕದವರು ಸ್ನೇಹಾ ಮೇಡಂ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಮೇಜಿನ ಮೇಲಿನ ಹಾರ ನೋಡಿದರು, ನನ್ನನ್ನು ನೋಡಿದರು, ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೇನೋ ಎಂದುಕೊಂಡೆ. ಭುಜ ಕುಣಿಯುತ್ತಿತ್ತು. ಅವರು ನಕ್ಕ ಮೇಲೆ ಉಳಿದವರಿಗೆ ಧೈರ್ಯ ಬಂತು. ಮೂವತ್ತು ಜನವೂ ನಕ್ಕರು. ಹದಿನಾಲ್ಕು ವರ್ಷದ ನಗುವನ್ನು ಕೂಡಿಟ್ಟುಕೊಂಡಿದ್ದವರ ಹಾಗೆ ನಕ್ಕರು. ನಾನು ನಗಲಿಲ್ಲ. ಆದರೆ ನೆಲ ನೋಡಿದೆ. ಅಪ್ಪ ಹೇಳಿದ್ದು ಪೂರ್ತಿ ಸರಿಯಲ್ಲ. ಕಳ್ಳರಲ್ಲದವರೂ ಆಗಾಗ ನೆಲ ನೋಡಬೇಕು.

ನಗು ನಿಂತ ಮೇಲೆ ಮೇಡಂ ಏನೋ ಹೇಳಿದರು, ರಾಯರು ಕನ್ನಡ ಮಾಡಿದರು: ‘ನಾನಿರೋದು ಮಗು ಜೊತೆ ಒಬ್ಬಳೇ. ಮಾತಾಡದೆ ನಿಂತಿರೋ ಗಂಡಸು ಏನು ಯೋಚನೆ ಮಾಡ್ತಿದಾನೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಅಂತ ಕೇಳ್ತಿದಾರೆ.’ ‘ಗೊತ್ತಿಲ್ಲ ಮೇಡಂ, ತಪ್ಪಾಯ್ತು’ ಎಂದೆ. ಒಂದೇ ದಿನ ಎಷ್ಟು ಸಲ!

ಕೆಲಸ ಉಳಿಯಿತು. ಪೂರ್ತಿ ಅಲ್ಲ, ಮೂರು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ. ಮೂರು ತಿಂಗಳಾಗಿ ಬಹಳ ಕಾಲವಾಯಿತು, ಯಾರೂ ಮತ್ತೆ ಆ ಮಾತೆತ್ತಿಲ್ಲ. ಒಪ್ಪಿ ಸುಮ್ಮನಿದ್ದಾರೋ ಹೆದರಿ ಸುಮ್ಮನಿದ್ದಾರೋ ತಿಳಿಯದು. ಈಗ ನಾನು ರೆಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ, ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಸ್ನೇಹಾ ಮೇಡಂ ಮಾತು ಶುರು ಮಾಡಿದರೆ ‘ಗೊತ್ತಾಗ್ಲಿಲ್ಲ ಮೇಡಂ’ ಎನ್ನುತ್ತೇನೆ. ಅವರು ‘ನಿಧಾನ, ನಿಧಾನ’ ಎಂದು ತಮಗೆ ತಾವೇ ಹೇಳಿಕೊಂಡು, ನಲ್ಲಿಯ ಕಡೆ ಬೆರಳು ತೋರಿಸುತ್ತಾರೆ. ಮಗು ನನ್ನನ್ನು ‘ಇಮ್ಮಿಡಿಯೇಟ್ ಅಂಕಲ್’ ಎಂದು ಕರೆಯುತ್ತದೆ. ಅದು ನಿಜವಾದ ಬಿರುದು, ಲ್ಯಾಮಿನೇಷನ್ ಇಲ್ಲ.

ಹಳೆಯ ಬಿರುದನ್ನು ಮೀಟಿಂಗಿನ ದಿನವೇ ಹರಿದುಹಾಕೋಣ ಎಂದು ಮನೆಗೆ ತಂದೆ. ಲ್ಯಾಮಿನೇಷನ್ ಮಾಡಿಸಿದ ಕಾಗದ ಹರಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಜಯಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕುಂಕುಮ ತೊಳೆದು, ಒರೆಸಿ ಇಟ್ಟಳು. ಈಗ ಹಬ್ಬದಲ್ಲಿ ಅದರ ಮೇಲೆ ಒಬ್ಬಟ್ಟು ತಟ್ಟುತ್ತಾಳೆ. ಎಣ್ಣೆ ಸವರಿದ ಮೇಲೆ ರಾಯರ ಸೀಲು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಆವತ್ತು ಅವಳನ್ನು ಕೂರಿಸಿ, ‘ಇನ್ನೇನೇನು ನಂಗೆ ಹೇಳಿಲ್ಲ, ಈಗ ಹೇಳ್ಬಿಡು’ ಎಂದಿದ್ದೆ. ಬಹಳ ಹೊತ್ತು ಯೋಚಿಸಿ, ‘ಹುರುಳಿಕಾಳು ಬಸ್ಸಾರು ನಂಗೆ ಸೇರಲ್ಲ ಕಣ್ರೀ’ ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಪ್ರತಿ ಸೋಮವಾರ ಮನೆಯಲ್ಲಿ ಹುರುಳಿಕಾಳು ಬಸ್ಸಾರು. ಬಡಿಸಿ ಪಕ್ಕದಲ್ಲೇ ಕೂತು, ನನ್ನ ಜೊತೆ ಉಂಡಿದ್ದಾಳೆ. ಬೇಡ ಎನ್ನಬೇಡ ಎಂದು ನಾನು ಒಂದು ಸಲವೂ ಗದರಿಸಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಲೂ ಇಲ್ಲ. ಪವಿತ್ರ ಅಂದು ಏನೂ ಹೇಳಲಿಲ್ಲ. ಅವಳ ಪಟ್ಟಿ ದೊಡ್ಡದೇ ಇರಬೇಕು, ಕಾಯುತ್ತಿದ್ದೇನೆ.

ಇದನ್ನೆಲ್ಲ ಬರೆದು ಮುಗಿಸಿ, ಮೊನ್ನೆ ಅವಳ ಕೈಗೇ ಕೊಟ್ಟೆ. ‘ಹೆಂಗಿದೆ, ನಿಜ ಹೇಳಮ್ಮ, ಹೆದರ್ಕೋಬೇಡ’ ಎಂದೆ. ಮೊದಲ ಪುಟ ತಿರುಗಿಸುವ ಮೊದಲೇ ‘ಚೆನ್ನಾಗಿದೆ ಅಪ್ಪಾ’ ಎಂದಳು. ಇಷ್ಟು ಇಮ್ಮಿಡಿಯೇಟಾಗಿ ಬಂದ ಉತ್ತರದ ಹಿಂದೆ ಇರುವುದು ಯಾವ ಪದ ಎಂದು ತಿಳಿಯಲಿಲ್ಲ. ಕೇಳೋಣ ಎಂದು ಅವಳ ಮುಖವನ್ನೇ ನೋಡಿದೆ.

‘ತುಂಬಾ ಚೆನ್ನಾಗಿದೆ ಅಪ್ಪಾ’ ಎಂದಳು.